ಎಲ್ಲಿ ಹೋಯಿತು ನನ್ನ ಒಂಬತ್ತು ಸೇರು?

ಇಂದು ಬೆಳಿಗ್ಗೆ ಕಾಕಾನ ಅಂಗಡಿಯ ಬಾಗಿಲು ತೆರೆದಾಗ ತಕ್ಕಡಿಯ ಒಂದು ಪರಡಿಯಲ್ಲಿ ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು. ಬೇರೆ ಯಾರಾದರೂ ಆಗಿದ್ದರೆ ಹುಶ್ ಎಂದು ಓಡಿಸುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಎದುರಿನ ಪರಡಿಗೆ ಒಂದೊಂದೇ ಕಲ್ಲು ಇಟ್ಟೆ. ಮೂರೂಕಾಲು ಸೇರು. ಡೈರಿ ತೆಗೆದು ಬರೆದುಕೊಂಡೆ. ಆಮೇಲೆ ಹುಶ್ ಎಂದೆ.

ಕಂಡದ್ದನ್ನೆಲ್ಲ ತೂಗುವ ಈ ಚಟ ನನಗೆ ಹೇಗೆ ಅಂಟಿತು ಎಂದು ನೀವು ಕೇಳಿಲ್ಲ. ನಮ್ಮ ಮನೆಯಲ್ಲಿಯೂ ಯಾರೂ ಕೇಳುವುದಿಲ್ಲ. ಕೇಳಿದರೆ ಡೈರಿ ತೆಗೆಯುತ್ತೇನೆ ಎಂಬ ಭಯ ಅವರಿಗೆ. ಆ ಡೈರಿಯಲ್ಲಿ ಪ್ರತಿ ದಿನಕ್ಕೂ ಮೂರು ತಾರೀಖುಗಳಿವೆ. ಶಾಲೆಯಲ್ಲಿ ಹೇಳಿಕೊಟ್ಟ ನಿಜಾಮ ಸರ್ಕಾರದ ಫಸಲಿ ತಾರೀಖು ಒಂದು, ನಮ್ಮ ಆಯಿ ಹೇಳುತ್ತಿದ್ದ ತಿಥಿ ಒಂದು, ಹುಮನಾಬಾದಿನ ಮೋಟಾರಿನ ಕಂಡಕ್ಟರನನ್ನು ಕೇಳಿ ಬರೆದುಕೊಂಡ ಇಂಗ್ಲಿಷ್ ತಾರೀಖು ಒಂದು. ಮೂರರಲ್ಲಿ ಒಂದಾದರೂ ಸರಿಯಿರುತ್ತದೆ ಎಂಬುದು ನನ್ನ ನಂಬಿಕೆ. ಕಂಡಕ್ಟರನದು ಮಾತ್ರ ಮೋಟಾರಿನ ಹಾಗೆಯೇ ಒಂದೆರಡು ದಿನ ತಡವಾಗಿ ಬರುತ್ತಿತ್ತು.

ಡೈರಿ ಶುರುವಾದದ್ದು ಜ್ವರದಿಂದ. ನಾನಾಗ ಹನ್ನೆರಡರ ಹುಡುಗ. ಎರಡನೆಯ ಮಹಾಯುದ್ಧದ ಲಡಾಯಿಯ ಕಾಲ. ಬಸವಣ್ಣನ ಕಲ್ಯಾಣ, ಸರ್ಕಾರಿ ಕಾಗದದಲ್ಲಿ ಕಲ್ಯಾಣಿ, ಅಲ್ಲಿ ನನ್ನ ಚಿಕ್ಕಪ್ಪ ಕಾಕಾನದು ಕಾಳುಕಡಿಯ ಅಂಗಡಿ. ಅದರ ಹಿಂದೆಯೇ ನಮ್ಮ ಮನೆ. ಆ ಮಾಘದ ಚಳಿಯಲ್ಲಿ ನನಗೆ ವಿಷಮಜ್ವರ ಬಂತು. ಹಕೀಮ ಸಾಹೇಬರು ನಾಡಿ ಹಿಡಿದು, ಹುಡುಗನ ಹೊಟ್ಟೆಗೆ ಏನು ಹೋಯಿತು, ಹೊಟ್ಟೆಯಿಂದ ಏನು ಬಂತು, ಎಲ್ಲ ಬರೆದಿಡಿ ಎಂದರು. ಅವ್ವನಿಗೆ ಅಕ್ಷರ ಬಾರದು. ಕಾಕಾನಿಗೆ ಪುರುಸೊತ್ತಿಲ್ಲ. ಪೆನ್ಸಿಲು ಹಿಡಿಯುವಷ್ಟು ಶಕ್ತಿ ಬಂದ ದಿನವೇ ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಎರಡನೆಯ ಬಾಬಿನ ವಿವರಗಳನ್ನು ಇಲ್ಲಿ ಬಿಡುತ್ತೇನೆ. ಬೇಕಾದವರು ಡೈರಿ ನೋಡಬಹುದು.

ಜ್ವರ ಏರುತ್ತಲೇ ಹೋದಾಗ ಆಯಿ, ಅಂದರೆ ನನ್ನ ತಂದೆಯ ತಾಯಿ, ಅಂಗಳಕ್ಕೆ ಹೋಗಿ ಹುಮನಾಬಾದಿನ ದಿಕ್ಕಿಗೆ ಮುಖ ಮಾಡಿ ಸೆರಗು ಚಾಚಿದಳಂತೆ.

"ವೀರಭದ್ರಾ, ನನ್ನ ಮೊಮ್ಮಗನ್ನ ನನಗ ಹೊಳ್ಳಿ ಕೊಡು. ಅಂವನ ತೂಕದಷ್ಟು ಬೆಲ್ಲ ನಿನ್ನ ಗುಡಿಯಾಗ ತೂಗಿ ಮಂದಿಗೆ ಹಂಚ್ತೀನಿ. ಅಲ್ಲೀತನಕ ನನಗ ಒಂದೇ ಹೊತ್ತಿನ ಊಟ."

ಜ್ವರ ಇಳಿಯಿತು. ನನ್ನನ್ನು ಎತ್ತಿಕೊಂಡು ಹೋಗಿ ತಕ್ಕಡಿಯಲ್ಲಿ ಕೂರಿಸಿದರು. ಇಪ್ಪತ್ತೇಳು ಸೇರು. ಕಾಕಾನ ಮುಖ ಅರಳಿತು. ಲಡಾಯಿಯಿಂದ ಬೆಲ್ಲ ಸಿಗುವುದೇ ಕಷ್ಟವಾಗಿತ್ತು. ತೆಳ್ಳಗಿನ ಹುಡುಗ ಎಂದರೆ ತೆಳ್ಳಗಿನ ಹರಕೆ.

"ಯವ್ವಾ, ನಾಳೀನೇ ಹುಮನಾಬಾದಿಗೆ ಹೋಗಿ ತೂಗಿಸಿಕೊಂಡ ಬಂದ್ಬಿಡೋಣು."

"ಯಾರನ್ನ ತೂಗ್ತಿ?" ಎಂದಳು ಆಯಿ.

"ಇವನ್ನೇ! ಶರಣ್ಯಾನ್ನ."

"ನಾ ಬೇಡಿಕೊಂಡದ್ದು ಇವನ್ನಲ್ಲ. ಜಡ್ಡಿಗೆ ಬೀಳೋಕಿಂತ ಮೊದಲ ಇದ್ದನಲ್ಲ, ಅವನ್ನ. ಅಂವ ಇನ್ನೂ ಪೂರಾ ಬಂದಿಲ್ಲ."

ಕಾಕಾ ನನ್ನನ್ನು ಹಿಂದೆ ಮುಂದೆ ನೋಡಿದ. ನಾನೂ ನೋಡಿಕೊಂಡೆ. ಆಯಿ ಹೇಳಿದ್ದರಲ್ಲಿ ಹುರುಳಿತ್ತು. ಚಡ್ಡಿಯ ಲಾಡಿ ನನ್ನನ್ನು ಎರಡು ಸುತ್ತು ಸುತ್ತುತ್ತಿತ್ತು.

"ಮೊದಲ ಇಂವ ಎಷ್ಟಿದ್ದ ಅಂತ ಯಾರಿಗೆ ಗೊತ್ತದ ಯವ್ವಾ?"

"ನಿನಗ ಗೊತ್ತದ. ಮೂವತ್ತಾರು ಸೇರು ಅಂತ ಊರಿಗೆಲ್ಲ ಸಾರಿದಾಂವ ನೀನ ಅಲ್ಲೇನು?"

ಇದಕ್ಕೆ ಹಿಂದಿನ ಕಥೆ ಹೇಳಬೇಕು. ಆ ವರ್ಷದ ದಸರೆಯ ಹೊತ್ತಿಗೆ ಅಂಗಡಿಯ ದೊಡ್ಡ ಕಲ್ಲುಗಳೆಲ್ಲ ಮುದ್ರೆ ಹಾಕಿಸಲು ತಹಸೀಲಿಗೆ ಹೋಗಿದ್ದವು. ಅದೇ ದಿನ ಬೇಮಳಖೇಡದ ಒಬ್ಬ ರೈತ ತೊಗರಿ ಮಾರಲು ಬಂದ. ಬಂದ ಮಾಲು ಎದುರಿನ ಅಂಗಡಿಗೆ ಹೋಗುವುದನ್ನು ಕಾಕಾನ ಕಣ್ಣು ಸಹಿಸಲಾರದು. ಹಿಂದಿನ ದಿನವಷ್ಟೇ ನನ್ನನ್ನು ತಮಾಷೆಗೆ ತೂಗಿದ್ದ. "ಇಂವ ಬರೋಬ್ಬರಿ ಮೂವತ್ತಾರು ಸೇರು, ತಗೋರಿ" ಎಂದು ನನ್ನನ್ನೇ ಕಲ್ಲಿನ ಬದಲು ಪರಡಿಯಲ್ಲಿ ಕೂರಿಸಿ ತೊಗರಿ ತೂಗಿದ. ರೈತ ನನ್ನನ್ನು ಅನುಮಾನದಿಂದ ನೋಡಿ, "ಸಾವ್ಕಾರ್ರ, ಹುಡುಗ ಉಂಡ ಬಂದಾನೋ ಉಪಾಸ ಅದಾನೋ?" ಎಂದು ಕೇಳಿದ್ದ. ನಾನು ಗಂಟಲ ತನಕ ಉಂಡಿದ್ದೆ. ಆದರೆ ಕಲ್ಲು ಮಾತಾಡುವುದಿಲ್ಲ ಎಂದು ಕಾಕಾ ಮೊದಲೇ ಹೇಳಿದ್ದರಿಂದ ಸುಮ್ಮನೆ ಕೂತಿದ್ದೆ.

ಈಗ ಕಾಕಾ, "ಅದೇನೋ ಅಂದಾಜಿನ ಮ್ಯಾಲ ಹೇಳಿದ್ದು" ಎಂದ.

"ಅಂದ್ರ ಆ ರೈತಗ ಮೋಸ ಮಾಡಿದಿ?"

ಮೂವತ್ತಾರು ಸೇರು ಖಾಯಂ ಆಯಿತು.

ಅಷ್ಟಾದರೂ ಅವನು ಇನ್ನೊಂದು ದಾರಿ ಹುಡುಕಿದ. ಹುಡುಗ ಇದ್ದಷ್ಟೇ ಇರಲಿ, ಮೂವತ್ತಾರು ಸೇರು ಬೆಲ್ಲ ಒಯ್ದು ಹಂಚಿಬಿಡೋಣ ಎಂದ. ಆಯಿ ತಲೆಯಾಡಿಸಿದಳು. ಹರಕೆ ಎಂದರೆ ತೂಗಬೇಕು, ಎರಡು ಪರಡಿಯೂ ಸಮ ನಿಲ್ಲಬೇಕು. ಬೆಲ್ಲದ ಪರಡಿ ಕೆಳಗಿಳಿದು ಹುಡುಗನದು ಮೇಲೆ ನಿಂತರೆ ಹುಡುಗನಲ್ಲಿ ಇನ್ನೂ ಜಾಗ ಖಾಲಿ ಇದೆ ಎಂದು ಎಲ್ಲರಿಗೂ ಕಾಣುತ್ತದೆ. "ಖಾಲಿ ಜಾಗಾ ಕಂಡ್ರ ಜ್ವರ ಮತ್ತ ಬಂದ ಕೂಡ್ತದ" ಎಂದಳು. ರುಮಾಲು, ಚಪ್ಪಲಿ, ಹಿತ್ತಾಳೆ ತಂಬಿಗೆ ಕೊಟ್ಟು ಕೂರಿಸೋಣ ಎಂಬ ಸಲಹೆ ಬಂದಾಗ ಅವಳು ಎದ್ದು ಬೀಸುಕಲ್ಲಿನ ಕಡೆ ಹೋದಳು.

ಹಾಗಾಗಿ ಒಂಬತ್ತು ಸೇರು ಹುಡುಗನನ್ನು ಹೊಸದಾಗಿ ಕಟ್ಟುವ ಕೆಲಸ ನಮ್ಮ ಮನೆಗೆ ಬಂತು. ಸಾಮಾನು ಹೀಗಿತ್ತು: ಬಿಳಿಜೋಳದ ರೊಟ್ಟಿ, ಬೇಳೆ, ಶೇಂಗಾ, ತುಪ್ಪ, ಎಳ್ಳಿನ ಉಂಡಿ, ಗೋಧಿ ಹುಗ್ಗಿ. ರಾತ್ರಿಯ ಊಟಕ್ಕೆ ಕೂತಾಗ ನನ್ನ ತಟ್ಟೆಯಲ್ಲಿ ಯಾವಾಗಲೂ ಒಂದು ರೊಟ್ಟಿ ಹೆಚ್ಚು. "ನನ್ನ ಪಾಲಿಂದು ಹ್ಯಾಂಗೂ ಉಳೀತದ, ತಿನ್ನು" ಎನ್ನುತ್ತಿದ್ದಳು ಆಯಿ. ನಾನು ತಿನ್ನುತ್ತಿದ್ದೆ. ತಿನ್ನುವ ಮೊದಲು ಪ್ರತಿಯೊಂದನ್ನೂ ತೂಗುತ್ತಿದ್ದೆ. ಹುಗ್ಗಿ ಆರಿಹೋಗುತ್ತಿತ್ತು. ಅವ್ವ ಸೌಟು ಎತ್ತುತ್ತಿದ್ದಳು.

ಒಂದು ತಿಂಗಳ ಲೆಕ್ಕ ಕೂಡಿಸಿದಾಗ ನನಗೆ ಗಾಬರಿಯಾಯಿತು. ನನ್ನ ಹೊಟ್ಟೆಗೆ ಹೋದದ್ದು ನನಗಿಂತಲೂ ಹೆಚ್ಚು ತೂಕ, ಒಂದು ಮಣವನ್ನೂ, ಅಂದರೆ ನಲವತ್ತು ಸೇರನ್ನೂ, ದಾಟಿತ್ತು. ನಾನು ಹೆಚ್ಚಾದದ್ದು ಒಂದೂವರೆ ಸೇರು. ಎರಡನೆಯ ಬಾಬನ್ನು ಕಳೆದರೂ ಲೆಕ್ಕ ತಾಳೆಯಾಗಲಿಲ್ಲ. ಉಳಿದದ್ದನ್ನು ಯಾರು ತಿಂದರು?

ಡೈರಿ ಹಿಡಿದು ಶಾಲೆಯ ಖಾದರ್ ಮಾಸ್ತರರ ಬಳಿ ಹೋದೆ. ಅವರು ನಮಗೆ ಉರ್ದುವಿನಲ್ಲಿ ಸಾಯನ್ಸು ಕಲಿಸುತ್ತಿದ್ದರು. ಬಹಳ ಖುಷಿಯಾದಾಗ ಕನ್ನಡಕ್ಕೆ ಬರುತ್ತಿದ್ದರು. ಡೈರಿ ನೋಡಿ ಕನ್ನಡಕ್ಕೆ ಬಂದರು.

"ಬೇಟಾ, ಹುಮನಾಬಾದಿನ ಮೋಟಾರು ನೋಡೀದಿಲ್ಲ? ಹಿಂದ ಡ್ರಮ್ಮಿನಾಗ ಇದ್ದಿಲು ಹಾಕ್ತಾರ. ದಿನಾ ಚೀಲಗಟ್ಟಲೆ ತಿಂತದ. ಮೋಟಾರು ದಪ್ಪ ಆಗ್ಯದೇನು?"

"ಇಲ್ರಿ."

"ಮತ್ತ ಇದ್ದಿಲು ಎಲ್ಲಿ ಹೋತು?"

"ಹೊಗಿ ಆತ್ರಿ."

"ಮತ್ತ?"

"ಬೂದಿ ಆತ್ರಿ."

"ಮತ್ತ?"

ನನಗೆ ಬೇರೇನೂ ಹೊಳೆಯಲಿಲ್ಲ. "ಹುಮನಾಬಾದಿಗೆ ಹೋತ್ರಿ" ಎಂದೆ. ಕ್ಲಾಸು ನಕ್ಕಿತು. ಮಾಸ್ತರರು ಮೇಜು ಗುದ್ದಿದರು.

"ಶಾಬಾಶ್! ಅದೇ ಜವಾಬು. ಇದ್ದಿಲಿನ ತಾಕತ್ತು ಹುಮನಾಬಾದಿಗೆ ಹೋತು. ನಿನ್ನ ರೊಟ್ಟೀನೂ ಹಾಂಗೇ. ನೀ ಎದ್ದಿ, ಕೂತಿ, ಉಸರಾಡಿದಿ, ಮೈ ಬೆಚ್ಚಗ ಇಟ್ಟಿ. ಅದರಾಗೇ ಖರ್ಚಾಗಿ ಹೊಗೀ ಹಾಂಗ ಉಸರಿನಾಗ ಹೋತು. ಮೈಗೆ ಹತ್ತೂದು ಉಳಿದಷ್ಟೇ. ಜ್ವರದಾಗ ಏನಾತು? ಒಲಿಗೆ ಕಟಿಗಿ ಸಾಲದಕ್ಕ ಮನೀ ಬಾಗಲಾನೇ ಉರಿಸಿದಿ."

ಮನೆಯ ಬಾಗಿಲು ಎಂದರೆ ನನ್ನ ಒಂಬತ್ತು ಸೇರು. ಅದು ಯಾವ ಊರಿಗೂ ಹೋಗದೆ, ಹಾಸಿಗೆಯಲ್ಲಿ ಮಲಗಿದ್ದಲ್ಲೇ ಖರ್ಚಾಗಿತ್ತು. ಪೂರ್ತಿ ವ್ಯರ್ಥವೆನ್ನುವಂತೆಯೂ ಇಲ್ಲ. ಆ ಚಳಿಯಲ್ಲಿ ಕಾಕಾ ಬೆಳಗಿನ ಜಾವ ಅಂಗಡಿಗೆ ಹೋಗುವ ಮೊದಲು ನನ್ನ ಹಣೆ ಮುಟ್ಟಿ ನೋಡುತ್ತಿದ್ದ. ಒಂದು ಕೈಯಿಂದ ನೋಡಿದರೆ ಸಾಕಾಗುವುದನ್ನು ಎರಡು ಕೈಯಿಂದ ಬಹಳ ಹೊತ್ತು ನೋಡುತ್ತಿದ್ದ. ಒಂದಷ್ಟು ನಾನು ಕಾಕಾನ ಆ ತಣ್ಣನೆಯ ಅಂಗೈಗಳಿಗೆ ಹೋಗಿದ್ದೇನೆ.

"ಮತ್ತ ನನ್ನ ಹೊಗಿ ಎಲ್ಲಿ ಹೋತ್ರಿ?" ಎಂದು ಕೇಳಿದೆ.

"ಗಿಡಾ ತಿಂತಾವ. ಹವಾ ತಿಂತಾವ, ನೀರು ಕುಡೀತಾವ, ಬಿಸಲಿನಾಗ ಅಡಗೀ ಮಾಡ್ಕೊಂತಾವ. ದುನಿಯಾದಾಗ ಯಾವುದೂ ಸುಮ್ಮ ಹೋಗೂದಿಲ್ಲ ಬೇಟಾ. ಯಾರದೋ ತಟ್ಟಿಗೆ ಹೋಗ್ತದ."

ಇದನ್ನು ಅವರು ಹೇಳಬಾರದಿತ್ತು. ಅಂದು ಮನೆಗೆ ಬಂದವನೇ ಅಂಗಳದ ಬೇವಿನ ಮರದ ಮುಂದೆ ನಿಂತೆ. ಹಿಂದಿನ ವರ್ಷ ಬಡಕಲಾಗಿದ್ದ ಮರ. ನಾನು ಜ್ವರದಲ್ಲಿ ಮಲಗಿದ್ದು ಅದಕ್ಕೆ ತೆರೆದ ಕಿಟಕಿಯ ಬಳಿ. ಈಗ ನೋಡಿದರೆ ಕೆಂಪು ಚಿಗುರು ತುಂಬಿ ಮಿರುಗುತ್ತಿದೆ! ಬೇರೆ ಪುರಾವೆ ಬೇಕೆನಿಸಲಿಲ್ಲ. ಮರವನ್ನು ಒಂದಿಷ್ಟು ದುರುಗುಟ್ಟಿ ನೋಡಿದೆ. ಕಲ್ಯಾಣಿಯ ಅಷ್ಟೂ ಒಲೆಗಳ ಹೊಗೆ, ಅಷ್ಟೂ ಎಮ್ಮೆಗಳ ಉಸಿರು ಬಿಟ್ಟು ನನ್ನದನ್ನೇ ಅದು ಆರಿಸಿ ತಿಂದಿತೆಂದು ಹೇಗೆ ನಂಬಿದೆನೋ. ಹನ್ನೆರಡನೆಯ ವಯಸ್ಸಿನಲ್ಲಿ ಜಗತ್ತು ತನ್ನ ಸುತ್ತಲೇ ತಿರುಗುತ್ತಿರುತ್ತದೆ.

ಪಕ್ಕದ ಮನೆಯ ಖತೀಜಾ ಚಾಚಿಯ ಆಡು ಆಗ ಬಂದು ಹಿಂಗಾಲ ಮೇಲೆ ನಿಂತು ಬೇವಿನ ಒಂದು ಕೊಂಬೆಯನ್ನು ಸವರಿಕೊಂಡು ಹೋಯಿತು. ಅದರ ಹಿಂದೆಯೇ ಹೋದೆ. ಚಾಚಿ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಚಾಚಿ, ನಿಮ್ಮ ಆಡು ನನ್ನ ತಿನ್ನಾಕತ್ತದ."

"ಹಾಯ್ ಅಲ್ಲಾ! ಎಲ್ಲಿ ಕಚ್ಚಿತು? ತೋರಿಸು!"

ಕಚ್ಚಿಲ್ಲವೆಂದೂ, ಜ್ವರದಲ್ಲಿ ನಾನು ಉಸಿರಾಗಿ ಹೋದದ್ದನ್ನು ಬೇವಿನ ಮರ ತಿಂದಿದೆಯೆಂದೂ, ಮರವನ್ನು ಆಡು ತಿನ್ನುತ್ತಿದೆಯೆಂದೂ ವಿವರಿಸಿದೆ. ಚಾಚಿ ಮೊರ ಪಕ್ಕಕ್ಕಿಟ್ಟು ಪೂರ್ತಿ ಕೇಳಿದಳು. ಎದ್ದು ಹೋಗಿ ಒಂದು ಲೋಟ ತುಂಬ ಆಡಿನ ಹಾಲು ತಂದಳು.

"ತಗೋ. ನಿಂದು ನೀನೇ ಕುಡಿ. ಪರಾಯಿ ಮಾಲು ನನಗ ಯಾಕ ಬೇಕು?"

ಅಂದಿನಿಂದ ದಿನವೂ ಸಂಜೆ ಒಂದು ಲೋಟ ಬರುತ್ತಿತ್ತು. "ಶರಣೂ, ನೀ ಬಂದೀದಿ ನೋಡು" ಎಂದು ಗೋಡೆಯ ಆಚೆಯಿಂದ ಕೂಗಿ ಕೊಡುತ್ತಿದ್ದಳು. ಹಾಲಿನಲ್ಲಿ ತುಸು ಕಹಿ ಇರುತ್ತಿತ್ತು. ಅದು ಬೇವಿನದೋ ನನ್ನದೋ ತಿಳಿಯದೆ ಕಣ್ಣು ಮುಚ್ಚಿ ಕುಡಿಯುತ್ತಿದ್ದೆ.

ಮಾಸ್ತರರ ಮಾತು ಕಾಕಾನ ಕಿವಿಗೆ ಬಿದ್ದದ್ದು ಇನ್ನೊಂದು ಅನಾಹುತ. ತುಪ್ಪದ ಖರ್ಚಿನಿಂದ ಅವನು ಕಂಗೆಟ್ಟಿದ್ದ. ಓಡಾಡಿದರೆ ರೊಟ್ಟಿ ಉರಿದು ಹೋಗುತ್ತದೆ ಎಂದು ತಿಳಿದದ್ದೇ ನನ್ನ ಓಡಾಟವನ್ನೆಲ್ಲ ನಿಲ್ಲಿಸಿದ. ಚಿಣ್ಣಿದಾಂಡು ಬಂದ್. ಗಾಳಿಪಟ ಬಂದ್. ಒಮ್ಮೆ ನಾನು ಜೋರಾಗಿ ನಗುತ್ತಿದ್ದಾಗ ಅಂಗಡಿಯಿಂದ ಓಡಿ ಬಂದು, "ಸಾವಕಾಶ ನಗು! ಎಲ್ಲಾ ಹೊಗಿಯಾಗಿ ಹೊಂಟದ" ಎಂದು ಬೈದ. ಶಾಲೆಗೆ ನಡೆದರೆ ಖರ್ಚು ಎಂದು ಹೆಗಲ ಮೇಲೆ ಹೊತ್ತುಕೊಂಡು ಹೋಗತೊಡಗಿದ. ಪೇಟೆಯ ನಡುವೆ ಮೀಸೆ ಚಿಗುರುವ ವಯಸ್ಸಿನ ನಾನು ಕಾಕಾನ ಹೆಗಲ ಮೇಲೆ! ಜೊತೆಯ ಹುಡುಗರು ಹಿಂದಿನಿಂದ "ಕಲ್ಲು ಬಂತು, ಕಲ್ಲು ಬಂತು" ಎಂದು ಕೂಗುತ್ತಿದ್ದರು. ಒಂದು ತಿಂಗಳು ಹೊತ್ತಾದ ಮೇಲೆ ನಾನು ಎರಡು ಸೇರು ಹೆಚ್ಚಿದ್ದೆ, ಕಾಕಾ ಒಂದು ಸೇರು ಇಳಿದಿದ್ದ. ಅದನ್ನು ಅವನಿಗೆ ಓದಿ ಹೇಳಿದೆ. ಮರುದಿನದಿಂದ ನಡೆದುಕೊಂಡು ಹೋದೆ.

ಇಷ್ಟೂ ದಿನ ನಾನು ಆಯಿಯನ್ನೂ ತೂಗುತ್ತಿದ್ದೆ. ಸೋಮವಾರಕ್ಕೊಮ್ಮೆ ಕರೆದರೆ ನಗುತ್ತ ಬಂದು ಪರಡಿಯಲ್ಲಿ ಮಂಡಿಯೂರಿ ಕೂಡುತ್ತಿದ್ದಳು. ಸಂಖ್ಯೆಗಳನ್ನು ಬರೆಯುವ ಹುರುಪಿನಲ್ಲಿ ನಾನು ಅವುಗಳನ್ನು ಓದಿರಲಿಲ್ಲ. ಆಷಾಢದ ಒಂದು ಬೆಳಿಗ್ಗೆ ಆಯಿ ಬೀಸುಕಲ್ಲಿನ ಮುಂದಿನಿಂದ ಎದ್ದವಳು ಕಂಬ ಹಿಡಿದು ಹಾಗೆಯೇ ನಿಂತುಬಿಟ್ಟಳು. ಕೈಯ ಬೆಳ್ಳಿ ಕಡಗ ಮೊಣಕೈ ತನಕ ಜಾರಿತು. ಆಮೇಲೆ ಕೂತು ಡೈರಿ ಓದಿದೆ. ಹೋಳಿಯ ಹೊತ್ತಿಗೆ ಆಯಿ ನಲವತ್ತೈದು ಸೇರು. ಈಗ ನಲವತ್ತೂಕಾಲು. ನಾನು ಇಪ್ಪತ್ತೇಳರಿಂದ ಮೂವತ್ನಾಲ್ಕಕ್ಕೆ ಬಂದಿದ್ದೆ.

ಕಾಕಾ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದ.

"ಮನ್ಯಾಗ ಹೆಚ್ಚಾದದ್ದು ಎರಡೂಕಾಲು ಸೇರು ಅಷ್ಟೇ ಶರಣ್ಯಾ. ಉಳಿದದ್ದು ಆ ಪರಡಿಯಿಂದ ಈ ಪರಡಿಗೆ ಬಂದದ."

ಹಕೀಮ ಸಾಹೇಬರು ಬಂದು ನಾಡಿ ನೋಡಿದರು. ಈ ವಯಸ್ಸಿನಲ್ಲಿ ಇನ್ನು ಸೊರಗಿದರೆ ನನ್ನ ಕೈಯಲ್ಲಿ ಏನೂ ಇಲ್ಲ, ಎರಡು ಹೊತ್ತು ಉಣ್ಣಬೇಕು ಎಂದರು. ಆಯಿ ಅವರಿಗೆ ತಲೆಬಾಗಿ, "ಹೌದ್ರಿ ಸಾಹೇಬ್ರ, ಹರಕಿ ಮುಗೀಲಿ" ಎಂದಳು. ಅವ್ವ ಅತ್ತಳು. ಕಾಕಾ ಗದರಿದ. ರಾತ್ರಿ ಮತ್ತೆ ನನ್ನ ತಟ್ಟೆಯಲ್ಲಿ ಆ ಹೆಚ್ಚಿನ ರೊಟ್ಟಿ. ನಾನು ಒಲ್ಲೆ ಎಂದೆ.

"ನೀ ಒಲ್ಲೆ ಅಂದ್ರ ನನ್ನ ಉಪಾಸ ಕಡಿಮಿ ಆಗ್ತದೇನು? ಉದ್ದ ಆಗ್ತದ. ತಿನ್ನು."

ಅವಳ ಲೆಕ್ಕ ಸರಿಯಾಗಿತ್ತು. ಆಯಿಯನ್ನು ಉಳಿಸಿಕೊಳ್ಳಬೇಕಾದರೆ ನಾನು ತಿನ್ನಬೇಕು, ಬೇಗ ಬೇಗ ತಿನ್ನಬೇಕು. ಹಸಿವಿಲ್ಲದಾಗಲೂ ತಿಂದೆ. ಕಣ್ಣೀರು ಒರೆಸಿಕೊಂಡು ಶೇಂಗಾ ಅಗಿಯುವ ಹುಡುಗನನ್ನು ನೀವು ನೋಡಿರಲಾರಿರಿ.

ಶ್ರಾವಣ ಹಿಡಿದ ಮೇಲೆ ಒಂದು ದಿನ ತಕ್ಕಡಿಯ ಮುಳ್ಳು ಮೂವತ್ತಾರಕ್ಕೆ ನೆಟ್ಟಗೆ ನಿಂತಿತು. ಕಾಕಾ ಮೂರು ಸಲ ತೂಗಿ ನೋಡಿದ. ಮೂವತ್ತಾರು ಸೇರು ಬೆಲ್ಲದ ಪೆಂಟಿಗಳನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದ. ಬಂದ ಸೋಮವಾರ ನಾವು ಮೂವರು, ಆಯಿ, ಕಾಕಾ ಮತ್ತು ನಾನು, ಇದ್ದಿಲಿನ ಮೋಟಾರು ಹತ್ತಿದೆವು. ಆಯಿ ಅಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ತನ್ನ ಒಂದು ಹೊತ್ತಿನ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ಹರಕೆ ತೀರಿದ ಮೇಲೆ ತಿನ್ನುವುದೆಂದು.

ಮೋಟಾರು ಮೊದಲ ಏರಿನಲ್ಲಿಯೇ ಕೆಮ್ಮಿ ನಿಂತಿತು. ಮಳೆಯ ಕೆಸರು. ಎಲ್ಲರೂ ಇಳಿದು ನೂಕಬೇಕು ಎಂದ ಕಂಡಕ್ಟರ್.

"ಹುಡುಗ ಇಳಿಯೂದಿಲ್ಲ! ಇಂವ ತೂಕದ ಹುಡುಗ ಇದ್ದಾನ!" ಎಂದು ಕಾಕಾ ಚೀರಿದ.

"ತೂಕ ಇದ್ದಾಂವ ಮೊದಲ ಇಳೀಬೇಕು" ಎಂದು ಕಂಡಕ್ಟರ್ ನನ್ನ ತೋಳು ಹಿಡಿದು ಇಳಿಸಿದ.

ಮೂರು ಏರುಗಳಲ್ಲಿ ಮೂರು ಸಲ ಇಳಿದೆವು. ಬೆವರು ಧಾರಾಕಾರ. ನಡುವೆ ಇದ್ದಿಲಿನ ಹೊಗೆ ಕುಡಿದು ತಲೆ ತಿರುಗಿ ಬೆಳಗಿನ ಹುಗ್ಗಿಯನ್ನು ರಸ್ತೆಯ ಪಕ್ಕ ಕಕ್ಕಿದೆ. ಕಾಕಾ ಅದನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ. ಬಾಚಿಕೊಳ್ಳಲು ಬರುತ್ತದೆಯೇ ಎಂದು ಯೋಚಿಸುತ್ತಿದ್ದ ಹಾಗಿತ್ತು. ಎಲ್ಲಿಂದಲೋ ಬಂದ ಒಂದು ನಾಯಿ ಅವನ ಯೋಚನೆಯನ್ನು ಮುಗಿಸಿತು.

ಗುಡಿ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಪೂಜಾರಿ ಅಯ್ಯನವರು ಮಂಟಪದಲ್ಲಿ ದೊಡ್ಡ ತಕ್ಕಡಿ ತೂಗುಹಾಕಿಸಿದರು. ಬೆಲ್ಲ ಒಂದು ಕಡೆ, ನಾನು ಒಂದು ಕಡೆ. ಬೆಲ್ಲ ನೆಲಕ್ಕೆ ಕೂತಿತು. ನಾನು ಗಾಳಿಯಲ್ಲಿ ನಿಂತೆ. ಕಾಕಾ ಸಣ್ಣ ಕಲ್ಲುಗಳನ್ನು ನನ್ನ ಪಕ್ಕ ಇಟ್ಟು ನೋಡಿದ. ಮುಕ್ಕಾಲು ಸೇರು ಕಡಿಮೆ. ಅವನ ಕೈ ಮೆಲ್ಲಗೆ ಬೆಲ್ಲದ ಒಂದು ಪೆಂಟಿಯ ಕಡೆ ಹೋಯಿತು.

"ಅದನ್ನ ಮುಟ್ಟಬ್ಯಾಡ" ಎಂದಳು ಆಯಿ. ತುಟಿ ಒಣಗಿತ್ತು. ದನಿ ಮಾತ್ರ ಗಟ್ಟಿಯಿತ್ತು. "ಹೊಳ್ಳಿ ಹೋಗೋಣು. ಮುಂದಿನ ತಿಂಗಳ ಬರೋಣು."

ಕಾಕಾ ನನ್ನ ಕಿವಿಯ ಬಳಿ ಬಗ್ಗಿದ. "ಇನ್ನೊಂದ ತಿಂಗಳ ಅಂದ್ರ ಯವ್ವ ಉಳಿಯೂದಿಲ್ಲೋ" ಎಂದ. ಅವನ ಕಣ್ಣಲ್ಲಿ ನೀರು ನಾನು ನೋಡಿದ್ದು ಅಂದೇ ಮೊದಲು.

ನಾನು ಕೆಳಗೆ ಹಾರಿ ಬಾವಿಯ ಕಡೆ ಓಡಿದೆ. ಕೊಡದ ನೀರನ್ನು ತಂಬಿಗೆಗೆ ಬಗ್ಗಿಸಿಕೊಂಡು ಗಟಗಟ ಕುಡಿದೆ. ಉಸಿರು ಕಟ್ಟುವ ತನಕ ಕುಡಿದು ಬಂದು ಮತ್ತೆ ಪರಡಿ ಹತ್ತಿದೆ.

"ಅದು ನೀರು. ಹುಡುಗ ಅಲ್ಲ" ಎಂದಳು ಆಯಿ.

ಇಷ್ಟು ಹೊತ್ತಿಗೆ ಜನ ಸೇರಿದ್ದರು. ಹಳ್ಳಿಖೇಡದಿಂದ ಬಂದ ಒಬ್ಬ ಗಾಡಿಯವನು, ಹೊಟ್ಟೆಯೊಳಗೆ ಹೋದದ್ದೆಲ್ಲ ಹುಡುಗನೇ ಎಂದ. ಅವನ ಜೊತೆಯವನು, ಹೋದ ಕೂಡಲೇ ಹೇಗಾಗುತ್ತದೆ, ಒಂದು ನಿದ್ದೆ ಆಗಬೇಕು ಎಂದ. ಎಲ್ಲರೂ ಅಯ್ಯನವರನ್ನು ನೋಡಿದರು.

"ಕುಡದದ್ದನ್ನ ಹೊಳ್ಳಿ ಕೊಡಕ್ಕ ಹಾಕಲಿಕ್ಕ ಬರ್ತದೇನು? ಬರೂದಿಲ್ಲ. ಅಂದಮ್ಯಾಲ ಅದು ಹುಡುಗನ" ಎಂದರು ಅಯ್ಯನವರು.

"ಇನ್ನ ಗಳಿಗಿ ಬಿಟ್ರ ಬ್ಯಾರೇ ಕಡಿಂದ ಬರ್ತದಲ್ರಿ ಅಯ್ಯನವರ!" ಎಂದಳು ಮನ್ನಾಏಖೇಳ್ಳಿಯಿಂದ ಬಂದಿದ್ದ ಒಬ್ಬ ಹೆಂಗಸು. ಮಂಟಪವೆಲ್ಲ ನಕ್ಕಿತು.

"ಬಂದಾಗ ಬರಲಿ ತಾಯಿ. ಬರೋತನಕ ಹುಡುಗನ."

ಆಯಿಗೂ ನಗು ಬಂತು. ನೀರನ್ನು ಒಪ್ಪಿಕೊಂಡಳು. ಆದರೆ ಪರಡಿ ಒಪ್ಪಲಿಲ್ಲ. ಇನ್ನೂ ಪಾವು ಸೇರು, ಅಂದರೆ ಕಾಲು ಸೇರು, ಕಡಿಮೆ. ನನ್ನ ಹೊಟ್ಟೆ ನಗಾರಿಯಂತೆ ಬಿಗಿದಿತ್ತು, ಆ ಹೆಂಗಸು ಹೇಳಿದ ಗಳಿಗೆ ಆಗಲೇ ಹತ್ತಿರ ಬಂದಿತ್ತು. "ಹಿಡ್ಕೊ! ನಿನ್ನ ಕಾಲ ಬೀಳ್ತೀನಿ, ಹಿಡ್ಕೊ!" ಎಂದ ಕಾಕಾ.

ಆಯಿ ಬಟ್ಟೆಯ ಗಂಟು ಬಿಚ್ಚಿದಳು. ಒಂದು ಹೊತ್ತಿನ ತನ್ನ ರೊಟ್ಟಿಯನ್ನು ನನ್ನ ಮುಂದೆ ಹಿಡಿದಳು. "ಇದನ್ನ ತಿನ್ನು, ಬರೋಬ್ಬರಿ ಆಗ್ತದ."

"ಒಲ್ಲೆ."

"ತಿನ್ನು ಶರಣೂ."

"ಒಲ್ಲೆ ಆಯಿ! ನಾ ಒಂಬತ್ತ ಸೇರು ಹೆಚ್ಚಾದೆ, ನೀ ಐದ ಸೇರು ಇಳಿದಿ. ನಿನ್ನ ಅಷ್ಟೂ ರೊಟ್ಟಿ ನನ್ನೊಳಗ ಅದಾವ. ಅಂದ್ರ ಈ ಪರಡ್ಯಾಗ ನೀ ಆಗಲೇ ಕೂತೀದಿ. ಐದ ಸೇರು ಒಳಗ ಕೂತಾಕಿ, ಪಾವ್ ಸೇರಿನ ಸಲುವಾಗಿ ಹೊರಗ ಯಾಕ ನಿಂತೀ? ಕೈ ಇಡು. ಲಗೂ ಇಡು, ನನಗ ತಡಕೊಳ್ಳಾಕ ಆಗವಲ್ದು!"

ಯಾರೂ ನಗಲಿಲ್ಲ. ಅಯ್ಯನವರು, "ಹುಡುಗನ ಲೆಕ್ಕಾ ತಪ್ಪಿಲ್ಲ ತಾಯಿ" ಎಂದರು.

"ಲೆಕ್ಕಾ ನನಗ ಯಾಕ್ರಿ" ಎಂದಳು ಆಯಿ. "ಇಂವ ಬ್ಯಾರೆ, ನಾ ಬ್ಯಾರೆ ಅಂತ ನಾ ಯಾವತ್ತಾರ ಅಂದೀನೇನು?"

ಹತ್ತಿರ ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು. ಒತ್ತಲಿಲ್ಲ, ಇಟ್ಟಳು ಅಷ್ಟೇ. ಪರಡಿ ಕೆಳಗಿಳಿಯಿತು. ಬೆಲ್ಲ ನೆಲ ಬಿಟ್ಟು ಎದ್ದಿತು. ಮುಳ್ಳು ನಡುವೆ ಬಂದು ನಿಂತಿತು. ಅಯ್ಯನವರು ಗಂಟೆ ಬಾರಿಸಿದರು. ಅದು ಮುಗಿಯುವ ಮೊದಲೇ ನಾನು ಗುಡಿಯ ಹಿಂದಿನ ಎಕ್ಕದ ಗಿಡಗಳ ಕಡೆ ಓಡಿದ್ದೆ.

ತಿರುಗಿ ಬಂದಾಗ ಆಯಿ ಕಂಬಕ್ಕೊರಗಿ ಕೂತು ತನ್ನ ರೊಟ್ಟಿಯನ್ನು ಬೆಲ್ಲದ ಚೂರಿನ ಜೊತೆ ಮುರಿದು ತಿನ್ನುತ್ತಿದ್ದಳು. ನಾನು ಪೆನ್ಸಿಲು ತೆಗೆದು, ಬೆಲ್ಲ ಯಾರ ಯಾರ ತಟ್ಟೆಗೆ ಹೋಗುತ್ತದೆ ನೋಡೋಣ ಎಂದು ಹೊರಟೆ. ಮಕ್ಕಳು ಕೈಯಲ್ಲಿ ಹಿಡಿದಲ್ಲೇ ಮುಗಿಸಿದರು. ಗಾಡಿಯವನು ಅರ್ಧ ತಾನು ತಿಂದು ಅರ್ಧ ಎತ್ತಿಗೆ ಕೊಟ್ಟ. ಎತ್ತು ಅವನ ಅಂಗೈಯನ್ನೂ ನೆಕ್ಕಿತು. ಮನ್ನಾಏಖೇಳ್ಳಿಯ ಹೆಂಗಸು ಸೆರಗಿನಲ್ಲಿ ಕಟ್ಟಿಕೊಂಡಳು, ಬಾಣಂತಿ ಮಗಳಿಗಂತೆ. ಅಂದರೆ ಅದು ಹಾಲಾಗಿ ಇನ್ನೂ ಮುಂದೆ ಹೋಗುವುದು. ಚೀಲದ ಮೂಲೆಯಲ್ಲಿ ಉಳಿದದ್ದಕ್ಕೆ ಇರುವೆಗಳು ಸಾಲು ಹಚ್ಚಿದ್ದವು. ಅಲ್ಲಿ ಬರೆಯುವುದನ್ನು ಬಿಟ್ಟೆ. ಇರುವೆಗಳ ಹಿಂದೆ ಹೋಗಿದ್ದರೆ ಮೋಟಾರು ತಪ್ಪುತ್ತಿತ್ತು.

ಸಂಜೆ ಕಲ್ಯಾಣಿಗೆ ಬಂದೆವು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾವೆಲ್ಲ ಊಟಕ್ಕೆ ಕೂತಾಗ ಆಯಿಯೂ ಬಂದು ಕೂತಳು, ಮಾಘದಿಂದ ಈಚೆಗೆ ಮೊದಲ ಸಲ ಎರಡನೆಯ ಊಟಕ್ಕೆ. ಎಲ್ಲರೂ ಅವಳ ಕೈ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದೆವು. ಒಂದು ರೊಟ್ಟಿ ಮುಗಿಸಿದಳು. ಇನ್ನೊಂದನ್ನೂ ಮುಗಿಸಿದಳು. ಆಮೇಲೆ ನನ್ನ ತಟ್ಟೆಯ ಕಡೆ ನೋಡಿದಳು.

"ಅದು ಹಾಂಗೇ ಬಿದ್ದದಲ್ಲೋ. ತಿಂತೀಯೋ ಇಲ್ಲೋ?"

ಬೆಳಗಿನ ಹುಗ್ಗಿ ನಾಯಿಯ ಪಾಲಾಗಿ, ನೀರು ಎಕ್ಕದ ಗಿಡದ ಪಾಲಾಗಿ ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು.

"ನನ್ನ ಹೊಟ್ಟಿ ತುಂಬ್ಯದ ಆಯಿ" ಎಂದು ರೊಟ್ಟಿಯನ್ನು ಅವಳ ತಟ್ಟೆಗೆ ಸರಿಸಿದೆ.

ಅವಳು ಬೇಡ ಅನ್ನಲಿಲ್ಲ. ಬಳ್ಳೊಳ್ಳಿಯ ಖಾರ ಹಚ್ಚಿಕೊಂಡು, ಯಾರಿಗೂ ಒಂದು ತುತ್ತು ಕೊಡದೆ, ಸಾವಕಾಶವಾಗಿ ಪೂರ್ತಿ ತಿಂದಳು.